ಮುಚ್ಚಳಿಕೆ ಬರೆದುಕೊಟ್ಟವರೂ ಬಿಷಪ್ ಸಿಪ್ರಿಯನನೂ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ದುರ್ಗದ ಬೆಟ್ಟದ ಮಗ್ಗುಲಲ್ಲಿ ಚಂದ್ರವಳ್ಳಿ ಇದೆ. ಬುತ್ತಿ ಕಟ್ಟಿಕೊಂಡು ಹೋಗಿ ಕೆರೆಯ ದಡದಲ್ಲಿ ಕುಳಿತು ಬರುವ ಜಾಗವೆಂದು ನಮ್ಮಲ್ಲಿ ಬಹಳ ಮಂದಿ ಅದನ್ನು ಬಲ್ಲರು. ಅಲ್ಲಿ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಸಾಹೇಬರೂ ನೆಲ ಅಗೆಸಿ ನೋಡಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕವು. ಏಸುವನ್ನು ಶಿಲುಬೆಗೆ ಏರಿಸಿದ್ದು ಇದೇ ಟೈಬೀರಿಯಸನ ಆಳ್ವಿಕೆಯಲ್ಲಿ. ಅವನ ಮುಖ ಒತ್ತಿದ ಬೆಳ್ಳಿ ವ್ಯಾಪಾರದ ದಾರಿ ಹಿಡಿದು ನಮ್ಮ ಊರಿನವರೆಗೂ ಬಂದಿತ್ತು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಹೊಸದುರ್ಗದ ಸಭೆಯಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಎದ್ದು ನಿಂತು, "ರೋಮಿನ ಕಾಲದ ಪಾದ್ರಿಯ ಕಥೆ ಕಟ್ಟಿಕೊಂಡು ನಮಗೇನಾಗಬೇಕು ಸ್ವಾಮಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ರೋಮ್ ನಾವು ತಿಳಿದಷ್ಟು ದೂರದ ಊರಲ್ಲ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಇಲ್ಲಿದೆ.

ನಮ್ಮ ಕಡೆಯ ಒಂದು ಹತ್ತಿ ಗಿರಣಿಯಲ್ಲಿ ಮುಷ್ಕರ ನಡೆದು ಮುರಿದುಬಿದ್ದುದು ನಿಮಗೆ ಗೊತ್ತಿದೆ. ಮೂರನೆಯ ವಾರಕ್ಕೆ ಬರುವ ಹೊತ್ತಿಗೆ ಮನೆಗಳಲ್ಲಿ ರಾಗಿ ತೀರಿತ್ತು, ಅಂಗಡಿಯ ಸಾಲವೂ ನಿಂತಿತ್ತು. ಹದಿನಾಲ್ಕು ಜನ, ಇನ್ನು ಮೇಲೆ ಸಂಘಕ್ಕೆ ಕಾಲಿಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು ಗೇಟಿನ ಒಳಗೆ ಹೋದರು. ಈಗ ಅವರೇ ಸಂಘಕ್ಕೆ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ. ಕೊನೆಯವರೆಗೆ ಹೊರಗೆ ನಿಂತು ಕೆಲಸ ಕಳೆದುಕೊಂಡವರು ಬೇಡವೆನ್ನುತ್ತಾರೆ. ಅಕ್ಕಪಕ್ಕದ ಮನೆಯವರು ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾ ಮಾತು ಬಿಟ್ಟಿದ್ದಾರೆ. ಇದೇ ಪ್ರಶ್ನೆ ಸಾವಿರದ ಏಳುನೂರು ವರ್ಷಕ್ಕೂ ಹಿಂದೆ ಆಫ್ರಿಕಾದ ಕಡಲತೀರದ ಒಂದು ಪಟ್ಟಣವನ್ನು ಎರಡು ಹೋಳು ಮಾಡಿತ್ತು. ಅದನ್ನು ಬಿಡಿಸಲು ಕುಳಿತವನೇ ಸಿಪ್ರಿಯನ್. ಆದುದರಿಂದ ಈ ಕಥೆ.

ಆ ಪಟ್ಟಣ ಕಾರ್ಥೇಜ್. ಇಂದಿನ ಟ್ಯುನೀಸಿಯಾ ದೇಶದಲ್ಲಿದೆ. ರೋಮಿಗೆ ಧಾನ್ಯ ಸಾಗಿಸುವ ದೊಡ್ಡ ರೇವು. ಸಿಪ್ರಿಯನನು ಹುಟ್ಟಿದ್ದು ಸುಮಾರು 200 ಮತ್ತು 210ನೆಯ ಇಸವಿಗಳ ನಡುವೆ. ಸಿರಿವಂತ, ಮಾತುಗಾರಿಕೆಯನ್ನು ಕಲಿಸುವ ಉಪಾಧ್ಯಾಯ. ಆ ಕಾಲಕ್ಕೆ ಮಾತುಗಾರಿಕೆ ಎಂದರೆ ಕೋರ್ಟು ಕಚೇರಿಗಳಲ್ಲಿ ಮೇಲೇರುವ ಮೆಟ್ಟಿಲು. ನಡುವಯಸ್ಸು ದಾಟುವಾಗ, ಸುಮಾರು 246ರಲ್ಲಿ, ಒಬ್ಬ ಮುದಿ ಪಾದ್ರಿಯ ಸಹವಾಸದಿಂದ ಕ್ರೈಸ್ತನಾದನು. ಆಗ ಬರೆದ ಒಂದು ಪತ್ರದಲ್ಲಿ ತಾನು ಬಿಟ್ಟುಬಂದ ಲೋಕ ಹೇಗಿತ್ತೆಂದು ವಿವರಿಸಿದ್ದಾನೆ. ಶ್ರೀಮಂತರು ಹೊಲಕ್ಕೆ ಹೊಲ, ಕಾಡಿಗೆ ಕಾಡು ಕೂಡಿಸಿಕೊಂಡು ಪಕ್ಕದ ಬಡವನನ್ನು ಬದುವಿನಿಂದಾಚೆಗೆ ತಳ್ಳುತ್ತಾರೆ. ನ್ಯಾಯಾಸ್ಥಾನದಲ್ಲಿ ತೀರ್ಪು ಮಾರಾಟಕ್ಕಿದೆ. ಹೀಗೆ ಅವನು ಬರೆಯುತ್ತಾನೆ. ಸರ್ವೆ ಕಲ್ಲು ಕಿತ್ತು ಈಚೆಗೆ ನೆಡುವವರನ್ನು ಕಂಡ ನಮಗೆ ಇದಕ್ಕೆ ಟೀಕೆ ಬೇಕಿಲ್ಲ. ಬರೆದು ಸುಮ್ಮನಾಗಲಿಲ್ಲ, ತನ್ನ ಆಸ್ತಿಯ ಬಹುಭಾಗವನ್ನು ಬಡವರಿಗಾಗಿ ಮಾರಿದನು.

ಎರಡು ಮೂರು ವರ್ಷಗಳೊಳಗೇ ಆತನನ್ನು ಜನ ಬಿಷಪ್ಪನನ್ನಾಗಿ ಆರಿಸಿದರು. ನಿನ್ನೆ ಬಂದವನಿಗೆ ಪೀಠವೇ ಎಂದು ಐವರು ಹಳೆಯ ಪಾದ್ರಿಗಳು ಮುನಿದರು. ಈ ಐವರ ಮುನಿಸು ಮುಂದೆ ದೊಡ್ಡದಾಗಿ ಬೆಳೆಯಿತು.

249ರಲ್ಲಿ ಡೇಸಿಯಸ್ ಎಂಬ ಸೇನಾನಿ ಚಕ್ರವರ್ತಿಯಾದನು. ಗಡಿಯಲ್ಲಿ ಯುದ್ಧ, ಬೊಕ್ಕಸ ಬರಿದು, ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಇಳಿದು ತಾಮ್ರ ಏರುತ್ತಿದ್ದ ಕಾಲ. ಚಂದ್ರವಳ್ಳಿಗೆ ಬಂದಿದ್ದ ಆ ಗಟ್ಟಿ ಬೆಳ್ಳಿಯ ಕಾಲ ಎಂದೋ ಮುಗಿದಿತ್ತು. ದೇವತೆಗಳು ಮುನಿದಿದ್ದಾರೆಂದು ತಿಳಿದ ಚಕ್ರವರ್ತಿ, ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯತಕ್ಕದ್ದು ಎಂದು ಹುಕುಂ ಹೊರಡಿಸಿದನು. ಇದು ಕಟ್ಟುಕಥೆಯಲ್ಲ. ಈಜಿಪ್ಟಿನ ಒಣ ಮರಳಿನಲ್ಲಿ ಆ ಪ್ರಮಾಣಪತ್ರಗಳೇ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಮೊದಲನೆಯದು ಅಚ್ಚಾದುದು 1893ರಲ್ಲಿ. ನಮ್ಮ ತಾಲ್ಲೂಕು ಕಚೇರಿಯ ಅರ್ಜಿಯ ಹಾಗೆಯೇ ಇವೆ. ಇಂಥ ಊರಿನ ಇಂಥವನು, ಇಷ್ಟು ವಯಸ್ಸು, ನಾನು ಯಾವಾಗಲೂ ದೇವತೆಗಳಿಗೆ ನಡೆದುಕೊಂಡವನು, ಈಗಲೂ ನಿಮ್ಮ ಎದುರಿಗೇ ನೈವೇದ್ಯ ಮಾಡಿ ಪ್ರಸಾದ ತಿಂದಿದ್ದೇನೆ, ದಯಮಾಡಿ ರುಜು ಹಾಕಿಕೊಡಿ ಎಂಬ ಅರ್ಥದ ಒಕ್ಕಣೆ. ಕೆಳಗೆ ನೋಡಿದೆವು ಎಂದು ಅಧಿಕಾರಿಗಳ ರುಜು, ತಾರೀಖು.

ಕಾರ್ಥೇಜಿನಲ್ಲಿ ಏನಾಯಿತೆಂದು ಸಿಪ್ರಿಯನನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಯಾರೂ ಹಿಡಿದೆಳೆಯುವ ಮೊದಲೇ ಜನ ಬಲಿಪೀಠಕ್ಕೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇಲ್ಲ, ಇವತ್ತೇ ಮುಗಿಸಿಕೊಡಿ ಎಂದು ಅಂಗಲಾಚಿದರು. ಬಲಿ ಕೊಡಲು ಮನಸ್ಸೊಪ್ಪದ ಕೆಲವರು ಅಧಿಕಾರಿಗೆ ಲಂಚ ಕೊಟ್ಟು ಪ್ರಮಾಣಪತ್ರ ಮಾತ್ರ ಕೊಂಡುಕೊಂಡರು. ಮಣಿಯದವರು ಸೆರೆಮನೆಗೆ ಹೋದರು. ಅಲ್ಲಿ ಹಸಿವು ಬಾಯಾರಿಕೆಗಳಿಂದ ಸತ್ತವರಿದ್ದಾರೆ. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ಕೊಟ್ಟನು.

ಕಾರ್ಥೇಜಿನ ಬಿಷಪ್ ಏನು ಮಾಡಿದನು? ಓಡಿಹೋದನು.

ಊರ ಹೊರಗೆಲ್ಲೋ ತಲೆಮರೆಸಿಕೊಂಡು, ಅಲ್ಲಿಂದಲೇ ಪತ್ರಗಳ ಮೂಲಕ ಸಭೆಯನ್ನು ನಡೆಸಿದನು. ಬಡವರಿಗೆ, ಸೆರೆಯಲ್ಲಿದ್ದವರಿಗೆ ಹಣ ಕಳಿಸಿದನು. ಸರ್ಕಾರ ಆತನ ಸೊತ್ತನ್ನು ಜಪ್ತಿ ಮಾಡಿತು. ರೋಮಿನ ಪಾದ್ರಿಗಳು, ಕುರಿ ಬಿಟ್ಟು ಓಡುವ ಕೂಲಿ ಕುರುಬನ ಪ್ರಸ್ತಾಪವಿದ್ದ ಒಂದು ಕುಟುಕು ಕಾಗದವನ್ನು ಕಾರ್ಥೇಜಿಗೆ ಬರೆದರು. ಅದು ಸಿಪ್ರಿಯನನ ಕೈಗೂ ಬಂತು. ಇದರಲ್ಲಿ ಬರೆದವರ ಹೆಸರಿಲ್ಲ, ಬರವಣಿಗೆಯೂ ಅನುಮಾನ ಹುಟ್ಟಿಸುತ್ತದೆ, ನಿಮ್ಮದೇ ಹೌದೋ ನೋಡಿ ಹೇಳಿ ಎಂದು ಆತನು ಅದನ್ನು ಅವರಿಗೇ ವಾಪಸು ಕಳಿಸಿದನು. ಮೇಷ್ಟ್ರ ಬುದ್ಧಿ ಹೋಗಿರಲಿಲ್ಲ.

ತಾನಿದ್ದರೆ ಗಲಭೆ ಹೆಚ್ಚಿ ಉಳಿದವರಿಗೆ ತೊಂದರೆ ಎಂಬುದು ಆತನ ಸಮಾಧಾನ. ನಾವು ಅದನ್ನು ಸುಳ್ಳೆನ್ನುವುದಿಲ್ಲ. ಆದರೆ ಪೂರ್ತಿ ಒಪ್ಪುವುದಕ್ಕೂ ನಮ್ಮ ಮನಸ್ಸು ಹಿಂದೆಗೆಯುತ್ತದೆ; ಯಾಕೆಂದರೆ ಆ ಸಮಾಧಾನ ನಮಗೆ ಪರಿಚಿತವಾದದ್ದು. ಮುಷ್ಕರದ ಆ ಕೊನೆಯ ವಾರ, ವಾರಂಟು ಬರುತ್ತದೆಂದು ಸುದ್ದಿಯಾದಾಗ, ಈ ವೇದಿಕೆಯ ಮೇಲೆ ಕುಳಿತಿರುವ ನಾವೂ ಊರಲ್ಲಿರಲಿಲ್ಲ. ಹೊರಗಿದ್ದರೆ ಚಂದಾ ಎತ್ತಬಹುದು, ವಕೀಲರನ್ನು ಕಾಣಬಹುದು ಎಂದುಕೊಂಡೆವು. ಚಂದಾ ಎತ್ತಿದ್ದೂ ನಿಜ. ಆ ಹದಿನಾಲ್ಕು ಜನ ಮುಚ್ಚಳಿಕೆಗೆ ರುಜು ಹಾಕಿದ ದಿನ ನಾವು ಅವರ ಎದುರಿಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಹಿರಿಯೂರಿನಲ್ಲಿ ಇದನ್ನು ಹೇಳಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಇಲ್ಲಿಯೂ ಹೇಳದೆ ಮುಂದೆ ಹೋಗುವಂತಿಲ್ಲ.

ಕೆಲವು ತಿಂಗಳಲ್ಲಿ ಹಿಂಸೆಯ ಬಿಸಿ ಇಳಿಯಿತು. ಬಲಿ ಕೊಟ್ಟವರು, ಪತ್ರ ಕೊಂಡವರು ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಅವರಿಗೊಂದು ಅಡ್ಡದಾರಿಯೂ ಸಿಕ್ಕಿತು. ಸೆರೆಯಲ್ಲಿ ನರಳಿ ನಿಂತವರನ್ನು ಜನ ದೇವರಂತೆ ಕಾಣುತ್ತಿದ್ದರಷ್ಟೆ. ಆ ವೀರರು ಚೀಟಿ ಬರೆದುಕೊಡತೊಡಗಿದರು: ಇಂಥವನನ್ನು ಅವನ ಕಡೆಯವರ ಸಮೇತ ಸೇರಿಸಿಕೊಳ್ಳಿ ಎಂದು. ಕಡೆಯವರು ಎಂದರೆ ಎಷ್ಟು ಜನ? ಒಂದು ಚೀಟಿಯ ಮೇಲೆ ಇಪ್ಪತ್ತು ಮೂವತ್ತು ಮಂದಿ ಒಳಗೆ ಬರಬಹುದಲ್ಲ ಎಂದು ಸಿಪ್ರಿಯನನು ಆಕ್ಷೇಪಿಸಿದನು. ಆ ಐವರು ಪಾದ್ರಿಗಳ ಕಡೆಯವರು ಚೀಟಿ ತಂದವರನ್ನೆಲ್ಲ ಕೇಳದೆ ಸೇರಿಸಿಕೊಂಡರು. ಬಿಷಪ್ಪನ ಕಷ್ಟ ಊಹಿಸಿರಿ. ಚೀಟಿ ಕೊಟ್ಟವನು ಸೆರೆ ಕಂಡವನು, ತಡೆಯುವವನು ಓಡಿಹೋದವನು. ಜೈಲಿಗೆ ಹೋಗಿಬಂದವರ ಮಾತಿಗೆ ನಮ್ಮಲ್ಲಿಯೂ ತೂಕ ಹೆಚ್ಚು. ಇರಬೇಕಾದದ್ದೇ. ಆದರೆ ಒಬ್ಬನು ಪಟ್ಟ ಕಷ್ಟವನ್ನು ಇನ್ನೊಬ್ಬನ ಲೆಕ್ಕಕ್ಕೆ ಜಮಾ ಮಾಡಬಹುದೇ ಎಂಬುದು ಆಗ ಎದ್ದ ಪ್ರಶ್ನೆ.

ಇನ್ನೊಂದು ಕಡೆ, ರೋಮಿನಲ್ಲಿ ನೊವೇಶಿಯನ್ ಎಂಬ ಪಾದ್ರಿ ಕಟುವಾದ ಮಾತಾಡಿದನು. ಒಮ್ಮೆ ಬಿದ್ದವನಿಗೆ ಸಭೆಯಲ್ಲಿ ಮತ್ತೆ ಜಾಗವಿಲ್ಲ, ಸಾಯುವಾಗಲೂ ಇಲ್ಲ. ಅವನ ಹಿಂದೆಯೂ ಬಹಳ ಜನ, ಅದರಲ್ಲೂ ಸೆರೆಮನೆಯಲ್ಲಿ ಗಟ್ಟಿಯಾಗಿ ನಿಂತ ಕೆಲವರು, ಹೋದರು.

251ರ ವಸಂತದಲ್ಲಿ ಸಿಪ್ರಿಯನನು ಊರಿಗೆ ಮರಳಿದನು. ಅದೇ ವರ್ಷ ಡೇಸಿಯಸ್ ಗಾತ್ ಜನರೊಡನೆ ಯುದ್ಧದಲ್ಲಿ ಸತ್ತನು. ಆಫ್ರಿಕಾದ ಬಿಷಪ್ಪರು ಕಾರ್ಥೇಜಿನಲ್ಲಿ ಸಭೆ ಸೇರಿ ಒಬ್ಬೊಬ್ಬರ ಸಂಗತಿಯನ್ನೂ ಬೇರೆ ಬೇರೆ ನೋಡಬೇಕೆಂದು ತೀರ್ಮಾನಿಸಿದರು. ಇದಕ್ಕೆ ಸಿಪ್ರಿಯನನು ಒಬ್ಬ ಗೆಳೆಯ ಬಿಷಪ್ಪನಿಗೆ ಕೊಟ್ಟ ವಿವರಣೆಯ ಪತ್ರ ಉಳಿದಿದೆ. ನಾವು ಓದಿದ ಆತನ ಬರಹಗಳಲ್ಲಿ ಇದೇ ಮೇಲು. ಅದರ ಸಾರ ಇಷ್ಟು. ಕರೆಯುವ ಮೊದಲೇ ಹಾರಿ ಹೋಗಿ ಬಲಿ ಕೊಟ್ಟವನೂ, ಬಹುಕಾಲ ಹೋರಾಡಿ ಕೊನೆಗೆ ಬಲಾತ್ಕಾರಕ್ಕೆ ಸೋತವನೂ ಒಂದೇ ಅಲ್ಲ. ತಾನು ಹೋಗುವುದಲ್ಲದೆ ಹೆಂಡತಿ ಮಕ್ಕಳನ್ನೂ ಎಳೆದುಕೊಂಡು ಹೋದವನುಂಟು. ಮನೆಯವರೆಲ್ಲರ ಬದಲಿಗೆ ತಾನೊಬ್ಬನೇ ಹೋಗಿ, ಆ ಕಳಂಕವನ್ನು ತನ್ನ ತಲೆಗೆ ಹೊತ್ತು, ಹೆಂಡತಿ ಮಕ್ಕಳನ್ನು ಉಳಿಸಿದವನೂ ಉಂಟು. ತಾನು ಸೋತರೂ ದೇಶಭ್ರಷ್ಟರಾಗಿ ಓಡಿಬಂದವರಿಗೆ ಮನೆಯಲ್ಲಿ ಜಾಗ ಕೊಟ್ಟವನುಂಟು. ಇವರನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಹಣ ಕೊಟ್ಟು ಪತ್ರ ಕೊಂಡವನ ವಾದವನ್ನೂ ಆತನು ಕೇಳಿಸಿಕೊಂಡಿದ್ದಾನೆ. ಬಲಿ ಕೊಡಬಾರದೆಂದು ನೀವೇ ಕಲಿಸಿದ್ದಿರಿ, ನಾನು ಕೊಡಲಿಲ್ಲ, ಕೊಡದೆ ಇರುವುದಕ್ಕಾಗಿಯೇ ದುಡ್ಡು ತೆತ್ತೆ, ಅದೂ ತಪ್ಪೆಂದು ನನಗೆ ತಿಳಿದಿರಲಿಲ್ಲ ಎಂಬುದು ಅವನ ಮಾತು.

ತಪ್ಪಲ್ಲವೆಂದು ಸಿಪ್ರಿಯನನು ಹೇಳಲಿಲ್ಲ. ಪತ್ರ ಕೊಂಡವರನ್ನು ವಿಚಾರಿಸಿ ಸೇರಿಸಿಕೊಂಡರು. ಬಲಿ ಕೊಟ್ಟವರು ಪಶ್ಚಾತ್ತಾಪದಲ್ಲಿದ್ದು ಕಾಯಬೇಕು, ಸಾವು ಬಂದರೆ ಆಗ ಬಾಗಿಲು ತೆರೆಯುವುದು ಎಂದಾಯಿತು. ಆದರೆ ವರ್ಷ ಎರಡು ವರ್ಷದೊಳಗೆ ಹೊಸ ಹಿಂಸೆಯ ಸೂಚನೆಗಳು ಕಂಡಾಗ, ಆತನೂ ಜೊತೆಯ ಬಿಷಪ್ಪರೂ ಮತ್ತೆ ಕುಳಿತು, ಕಾಯುತ್ತಿದ್ದವರೆಲ್ಲರನ್ನೂ ಒಳಗೆ ಕರೆದರು. ನಾಳೆ ಹೋರಾಟಕ್ಕೆ ನಿಲ್ಲಬೇಕಾದವರನ್ನು ಆಯುಧವಿಲ್ಲದೆ ಹೊರಗೆ ನಿಲ್ಲಿಸುವುದು ಸಲ್ಲದು ಎಂಬುದು ಅವರು ಕೊಟ್ಟ ಕಾರಣ.

ಈ ನಡುವೆ ಒಂದು ಮಹಾಮಾರಿ ಬಂತು. ಆತನೇ ಅದರ ಲಕ್ಷಣಗಳನ್ನು ಬರೆದಿಟ್ಟದ್ದರಿಂದ ಚರಿತ್ರೆಕಾರರು ಇಂದಿಗೂ ಅದನ್ನು ಸಿಪ್ರಿಯನನ ಪ್ಲೇಗು ಎನ್ನುತ್ತಾರೆ. ಭೇದಿ, ಗಂಟಲುರಿ, ವಾಂತಿ, ಕೆಂಡದಂಥ ಕಣ್ಣು. ಕೆಲವರಿಗೆ ಕೈಕಾಲು ಕೊಳೆಯುವುದು, ಕಿವಿ ಕಣ್ಣು ಹೋಗುವುದು. ನಮ್ಮ ಸೀಮೆಗೆ 1898ರಿಂದ ಬಂದ ಪ್ಲೇಗಿನಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ ಮುತ್ತಜ್ಜಿಯರ ಕಾಲದಿಂದ ಮನೆಮನೆಯಲ್ಲಿದೆ. 2020ರಲ್ಲಿ ಹೆಣಕ್ಕೆ ಹೆಗಲು ಕೊಡಲು ಜನ ಸಿಗದ ದಿನಗಳನ್ನು ನಾವೇ ಕಂಡೆವು. ಕಾರ್ಥೇಜಿನಲ್ಲಿಯೂ ಜನ ಸ್ವಂತದವರನ್ನೇ ಬೀದಿಗೆ ಹಾಕಿ ಓಡಿದರು. ಸಿಪ್ರಿಯನನು ಸಭೆ ಕರೆದು, ನಮ್ಮವರನ್ನು ನಾವು ನೋಡಿಕೊಂಡರೆ ಹೆಚ್ಚೇನಾಯಿತು, ನಮ್ಮನ್ನು ಹಿಂಸಿಸಿದವರನ್ನೂ ನೋಡಿಕೊಳ್ಳಬೇಕು ಎಂದನು. ಹಣವಿದ್ದವರು ಹಣ ಕೊಟ್ಟರು. ಹಣವಿಲ್ಲದ ಬಡವರು ತಮ್ಮ ದುಡಿಮೆ ಕೊಟ್ಟರು. ಅದು ಹಣಕ್ಕಿಂತ ಬೆಲೆಯಾದದ್ದೆಂದು ಆತನ ಚರಿತ್ರೆ ಬರೆದ ಪಾಂಟಿಯಸ್ ಎಂಬ ಶಿಷ್ಯನು ಹೇಳುತ್ತಾನೆ.

ಬರಗಾಲಕ್ಕೂ ಮಾರಿಗೂ ಕ್ರೈಸ್ತರೇ ಕಾರಣ ಎಂದು ಡೆಮೆಟ್ರಿಯಾನಸ್ ಎಂಬವನು ಕೂಗಾಡುತ್ತಿದ್ದನು. ಅವನಿಗೆ ಸಿಪ್ರಿಯನನು ಕೊಟ್ಟ ಉತ್ತರದಲ್ಲಿ ಅಂಗಡಿಕಾರ ಮಿತ್ರರು ಗಮನಿಸಬೇಕಾದ ಮಾತೊಂದಿದೆ. ಮಳೆ ಹೋದದ್ದರಿಂದ ಆಗುವ ಹಸಿವಿಗಿಂತ ಧಾನ್ಯ ಕೂಡಿಟ್ಟು ಬೆಲೆ ಏರಿಸುವವರ ದುರಾಸೆಯಿಂದ ಆಗುವ ಹಸಿವು ದೊಡ್ಡದು ಎಂಬುದು ಅದರ ತಾತ್ಪರ್ಯ. ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಂಡ ಈ ಜಿಲ್ಲೆಯವರಿಗೆ ಇದು ಹೊಸದಲ್ಲ. ಅದೇ ಉತ್ತರದಲ್ಲಿ, ನೀನೂ ನಿನ್ನ ಗುಲಾಮನೂ ಹುಟ್ಟುವುದು ಸಾಯುವುದು ಒಂದೇ ರೀತಿ, ಆದರೂ ಅವನನ್ನು ಹೊಡೆದು ಹಸಿವಿಗಿಟ್ಟು ದುಡಿಸುತ್ತೀಯೆ ಎಂದು ಚುಚ್ಚುತ್ತಾನೆ. ಹಾಗಾದರೆ ಗುಲಾಮಗಿರಿಯೇ ಹೋಗಲಿ ಎಂದನೇ? ಇಲ್ಲ. ಆ ಮಾತನ್ನು ಆತನು ದೇವರ ಸೇವೆಗೆ ಹೋಲಿಕೆಯಾಗಿ ಬಳಸಿ ಮುಂದೆ ಹೋಗುತ್ತಾನೆ. ಇದನ್ನು ನಾವು ಮುಚ್ಚಿಡುವುದಿಲ್ಲ. ಸಭೆಯಿಂದಾಚೆಗೆ ಮುಕ್ತಿಯೇ ಇಲ್ಲವೆಂಬ ಆತನ ಹಟವೂ ನಮಗೆ ಒಪ್ಪಿಗೆಯಾಗುವಂಥದಲ್ಲ. ಪಂಗಡ ಬಿಟ್ಟು ಬಂದವರಿಗೆ ಮತ್ತೆ ದೀಕ್ಷಾಸ್ನಾನ ಬೇಕೇ ಎಂದು ರೋಮಿನ ಬಿಷಪ್ ಸ್ಟೀಫನನೊಡನೆ ನಡೆದ ಜಗಳವನ್ನು ಇಲ್ಲಿ ಬೆಳೆಸುವುದಿಲ್ಲ. 256ರ ಸೆಪ್ಟೆಂಬರಿನಲ್ಲಿ 87 ಬಿಷಪ್ಪರನ್ನು ಸೇರಿಸಿ, ಬಿಷಪ್ಪರಿಗೆಲ್ಲ ಮೇಲಿನ ಬಿಷಪ್ಪ ಎಂದು ನಮ್ಮಲ್ಲಿ ಯಾರೂ ಮೆರೆಯುವುದಿಲ್ಲ ಎಂದು ಹೇಳಿ, ಒಬ್ಬೊಬ್ಬರ ಅಭಿಪ್ರಾಯವನ್ನೂ ಬರೆಸಿದನೆಂಬುದಷ್ಟು ಸಾಕು.

ನುಮಿಡಿಯಾ ಗಡಿಯಲ್ಲಿ ದಾಳಿಕಾರರು ಜನರನ್ನು ಸೆರೆ ಒಯ್ದಾಗ ಕಾರ್ಥೇಜಿನ ಸಭೆ ಒಂದು ಲಕ್ಷ ಸೆಸ್ಟರ್ಸ್ ಕೂಡಿಸಿ ಬಿಡುಗಡೆಗೆ ಕಳಿಸಿತು. ಚಂದಾ ಕೊಟ್ಟವರ ಹೆಸರಿನ ಪಟ್ಟಿಯನ್ನೂ ಜೊತೆಗೆ ಕಳಿಸಿದರು, ಪ್ರಾರ್ಥನೆಯಲ್ಲಿ ನೆನೆಯಲೆಂದು. 1779ರಲ್ಲಿ ದುರ್ಗ ಬಿದ್ದ ಮೇಲೆ ಸಾವಿರಾರು ಬೇಡರನ್ನು ಹೈದರಾಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಬಿಡಿಸಿ ತರುವುದಕ್ಕೆ ಇಂಥ ಚಂದಾ ಎತ್ತುವವರು ಯಾರಿದ್ದರು?

257ರಲ್ಲಿ ವಲೇರಿಯನ್ ಚಕ್ರವರ್ತಿಯ ಹುಕುಂ ಬಂತು. ಆಗಸ್ಟ್ 30ರಂದು ಪ್ರಾಂತದ ಅಧಿಪತಿ ಪಾಟೆರ್ನಸ್ ಸಿಪ್ರಿಯನನನ್ನು ಕರೆಸಿದನು. ಈ ಸಲ ಆತನು ಓಡಲಿಲ್ಲ. ವಿಚಾರಣೆಯ ದಾಖಲೆ ಉಳಿದಿದೆ. ಪಾದ್ರಿಗಳ ಹೆಸರು ಹೇಳು ಎಂದು ಅಧಿಪತಿ ಕೇಳಿದಾಗ, ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆಯಲ್ಲ, ಒಳ್ಳೆಯ ಕಾನೂನು, ಆದುದರಿಂದ ಹೇಳಲಾರೆ, ಅವರವರ ಊರಲ್ಲಿ ಹುಡುಕಿದರೆ ಸಿಗುತ್ತಾರೆ ಎಂಬರ್ಥದ ಉತ್ತರ ಕೊಟ್ಟನು. ಕಡಲತೀರದ ಕುರುಬಿಸ್ ಎಂಬ ಸಣ್ಣ ಊರಿಗೆ ಗಡೀಪಾರಾಯಿತು.

ಅದು ಸುಖದ ಗಡೀಪಾರು. ಉಳಿದವರಿಗೆ ಆ ಅದೃಷ್ಟವಿರಲಿಲ್ಲ. ನುಮಿಡಿಯಾದ ಒಂಬತ್ತು ಬಿಷಪ್ಪರು, ಪಾದ್ರಿಗಳು, ಸಾಮಾನ್ಯ ಜನ, ಹುಡುಗರು ಸಹ ಗಣಿಗಳ ಪಾಲಾದರು. ನಮ್ಮ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ದುಡಿದವರು ಭೂಮಿಯೊಳಗಿನ ಕತ್ತಲೆ ಎಂಥದೆಂದು ಬಲ್ಲರು. ಇವರಿಗಾದರೋ ಕಾಲಿಗೆ ಬೇಡಿ, ಅರ್ಧ ಬೋಳಿಸಿದ ತಲೆ, ಹಾಸಿಗೆ ಬರಿನೆಲ, ಸ್ನಾನವಿಲ್ಲ, ಮೈಗೆ ಬಟ್ಟೆಯಿಲ್ಲ, ಹೊಟ್ಟೆಗೆ ಸಾಲದ ರೊಟ್ಟಿ. ಇದನ್ನೆಲ್ಲ ಒಂದೊಂದಾಗಿ ಹೆಸರಿಸಿ ಸಿಪ್ರಿಯನನು ಅವರಿಗೆ ಪತ್ರ ಬರೆದು ಹಣ ಕಳಿಸಿದನು. ಗಣಿಯಿಂದ ಅವರು ಬರೆದ ಉತ್ತರಗಳೂ ಉಳಿದಿವೆ. ಹಿಂದೆ 250ರಲ್ಲಿ ಅಡಗುತಾಣದಿಂದ ಬರೆದ ಪತ್ರಗಳನ್ನೂ ಇದನ್ನೂ ಒಟ್ಟಿಗೆ ಓದಿದರೆ ಧ್ವನಿ ಬೇರೆಯಾಗಿರುವುದು ತಿಳಿಯುತ್ತದೆ. ಅಲ್ಲಿ ಅಪ್ಪಣೆ ಹೆಚ್ಚು, ಇಲ್ಲಿ ಇಲ್ಲ.

258ರಲ್ಲಿ ಎರಡನೆಯ ಹುಕುಂ: ಬಿಷಪ್ಪರಿಗೆ ಮರಣದಂಡನೆ. ಆತನನ್ನು ಯೂಟಿಕಾ ಎಂಬ ಊರಿಗೆ ಕರೆದೊಯ್ಯಲು ಜನ ಬರುತ್ತಾರೆಂದು ತಿಳಿದಾಗ ಮತ್ತೆ ಕೆಲವು ದಿನ ಮರೆಯಾದನು. ಈ ಸಲದ ಕಾರಣವನ್ನು ತನ್ನ ಜನಕ್ಕೆ ಬರೆದು ತಿಳಿಸಿದನು: ಬಿಷಪ್ಪನು ಸಾಯುವುದು ತನ್ನ ಊರಲ್ಲಿ, ತನ್ನ ಜನರ ಕಣ್ಣೆದುರಿಗೆ ಆಗಬೇಕು. ಅಧಿಪತಿ ಕಾರ್ಥೇಜಿಗೆ ಮರಳಿದ ಮೇಲೆ ತನ್ನ ತೋಟಕ್ಕೆ ಬಂದು ಕುಳಿತನು. ಸೆಪ್ಟೆಂಬರ್ 13ರಂದು ಹಿಡಿದರು. ಅಧಿಪತಿ ಗಲೇರಿಯಸ್ ಮ್ಯಾಕ್ಸಿಮಸನಿಗೆ ಕಾಯಿಲೆ, ವಿಚಾರಣೆ ಮರುದಿನಕ್ಕೆ ಹೋಯಿತು. ಆ ರಾತ್ರಿ ಇಡೀ ಜನ ಆತನನ್ನು ಇರಿಸಿದ್ದ ಮನೆಯ ಬಾಗಿಲಲ್ಲೇ ಉಳಿದರು. ಬೀದಿಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಜೋಪಾನ ಎಂದು ಒಳಗಿನಿಂದ ಹೇಳಿ ಕಳಿಸಿದನು.

ಮರುದಿನ 14ನೆಯ ತಾರೀಖು. ವಿಚಾರಣೆ ಕೆಲವೇ ಮಾತುಗಳದು. ಬಲಿ ಕೊಡಲು ಅಪ್ಪಣೆಯಾಗಿದೆ ಎಂದರೆ ಕೊಡುವುದಿಲ್ಲವೆಂದನು. ಯೋಚನೆ ಮಾಡು ಎಂದರೆ, ಇಷ್ಟು ನ್ಯಾಯವಾದ ವಿಷಯದಲ್ಲಿ ಯೋಚಿಸುವುದಕ್ಕೇನೂ ಇಲ್ಲವೆಂದನು. ಕತ್ತಿಯಿಂದ ಶಿರಚ್ಛೇದ ಎಂದು ತೀರ್ಪು ಓದಿದಾಗ ದೇವರಿಗೆ ವಂದನೆ ಹೇಳಿದನು. ನಮ್ಮ ತಲೆಗಳನ್ನೂ ಜೊತೆಯಲ್ಲೇ ಕಡಿಯಿರಿ ಎಂದು ಗುಂಪು ಕೂಗಿತು. ಬಯಲಲ್ಲಿ ಮೇಲಂಗಿ ತೆಗೆದು ಮಂಡಿಯೂರಿದನು. ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತನ್ನವರಿಗೆ ಹೇಳಿದನು. ಕಣ್ಣಿಗೆ ಬಟ್ಟೆಯನ್ನು ತಾನೇ ಕಟ್ಟಿಕೊಂಡನು. ರಾತ್ರಿಯಾದ ಮೇಲೆ ಜನ ಮೇಣದಬತ್ತಿ ಪಂಜುಗಳನ್ನು ಹಿಡಿದು ದೇಹವನ್ನು ಮೆರವಣಿಗೆಯಲ್ಲಿ ಒಯ್ದು ಹೂಳಿದರು.

ಹೊಳಲ್ಕೆರೆಯಲ್ಲಿ ಮಾತು ಮುಗಿದಾಗ, ಆ ಹದಿನಾಲ್ಕು ಜನರಲ್ಲಿ ಒಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದವರು ಎದ್ದು ಒಂದೇ ಒಂದು ಪ್ರಶ್ನೆ ಕೇಳಿದರು: "ಆ ರಾತ್ರಿ ಪಂಜು ಹಿಡಿದವರೊಳಗೆ ಹಿಂದೆ ಬಲಿ ಕೊಟ್ಟು ಬಂದಿದ್ದವರೂ ಇದ್ದರೇ ಅಣ್ಣಾ?" ದಾಖಲೆಯಲ್ಲಿ ಅವರ ಹೆಸರು ಬರೆದಿಲ್ಲ. ಆದರೆ ಆ ಪಟ್ಟಣದ ಸಭೆಯಲ್ಲಿ ಎಂಟು ವರ್ಷದ ಹಿಂದೆ ಸೋತವರೇ ಹೆಚ್ಚಿದ್ದರೆಂದೂ, ಕಾಯುತ್ತಿದ್ದವರನ್ನು ಸೇರಿಸಿಕೊಂಡಿದ್ದರೆಂದೂ ನಾವು ಬಲ್ಲೆವು, ಇದ್ದಿರಲೇಬೇಕು ಎಂದೆವು.

ಮುಂದಿನ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ದುರ್ಗದಲ್ಲಿ ಸಂಘದ ಸಭೆಯಿದೆ. ಹದಿನಾಲ್ಕು ಅರ್ಜಿಗಳನ್ನು ಒಂದೊಂದಾಗಿ ಓದಲಾಗುವುದು. ಅದಕ್ಕೆ ಮೊದಲು, ಆ ಕೊನೆಯ ವಾರ ನಾವೆಲ್ಲಿದ್ದೆವು ಎಂಬುದರ ಲೆಕ್ಕವನ್ನು ನಾವು ಒಪ್ಪಿಸುತ್ತೇವೆ.